ಪರ್ಮಾಂಗನೇಟ್ ವರದಿಯ ಮೇಲೆ ನನ್ನ ಹೆಸರು

ಬಾವಿಗೆ ಹಾಕುವ, ಗಾಯ ತೊಳೆಯುವ ನೀರಿಗೆ ಒಂದು ಚಿಟಿಕೆ ಉದುರಿಸುವ ಆ ನೇರಳೆ ಹರಳು ಎಲ್ಲರಿಗೂ ಗೊತ್ತು. ಪೊಟ್ಯಾಸಿಯಂ ಪರ್ಮಾಂಗನೇಟ್. ಆದರೆ ಅದನ್ನು ಜಗತ್ತಿನಲ್ಲಿ ಯಾರು ಎಷ್ಟು ತಯಾರಿಸುತ್ತಾರೆ, ಯಾರು ಎಷ್ಟು ಕೊಳ್ಳುತ್ತಾರೆ, ಇನ್ನು ಮುಂದೆ ಬೇಡಿಕೆ ಏರುತ್ತದೋ ಇಳಿಯುತ್ತದೋ ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಮೈಸೂರಿನ ಗೋಕುಲಂನ ಒಂದು ಮಾರುಕಟ್ಟೆ ಸಂಶೋಧನಾ ಕಂಪನಿಯಲ್ಲಿದ್ದೆ. ಕೆಳಗಡೆ ಯೋಗದ ಚಾಪೆ ಹೆಗಲಿಗೇರಿಸಿಕೊಂಡು ಬರುವ ವಿದೇಶಿಯರ ಕೆಫೆ, ಮೇಲೆ ನಮ್ಮ ಆಫೀಸು.

ನಮ್ಮ ಕಸುಬು ಇಷ್ಟೇ: ಒಂದು ರಾಸಾಯನಿಕಕ್ಕೆ ಒಂದು ವರದಿ. ಅದರ ಉತ್ಪಾದನೆ, ಬೇಡಿಕೆ, ಬೆಲೆ, ಮುಂದಿನ ವರ್ಷಗಳ ಅಂದಾಜು. ಯಾರೋ ಹೇಳಿ ಬರೆಸುವುದಲ್ಲ, ನಾವೇ ಬರೆದಿಟ್ಟು ಬೇಕಾದವರಿಗೆಲ್ಲ ಮಾರುವುದು. ಹೊಸ ಕಾರ್ಖಾನೆ ಹಾಕುವವರು, ಬ್ಯಾಂಕಿನವರು, ಕಚ್ಚಾವಸ್ತು ಪೂರೈಸುವವರು ಕೊಳ್ಳುತ್ತಾರೆ. ನಮ್ಮ ವರದಿ ನಂಬಿ ಯಾರೋ ಎಲ್ಲೋ ಒಂದು ಬಾಯ್ಲರ್ ಕೂರಿಸುತ್ತಾರೆ ಎಂಬುದು ನನಗೆ ಆಗ ಬರೀ ಮಾತಾಗಿತ್ತು.

ತಂಡದ ಮುಖ್ಯಸ್ಥೆ ನನಗಿಂತ ತುಂಬ ಹಿರಿಯರು. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಫೋನಿನಲ್ಲಿ ಅಪರಿಚಿತರನ್ನು ಮಾತಾಡಿಸುವ ಕಲೆಯನ್ನು ನನಗೆ ಕಲಿಸಿದ್ದು ಅವರೇ. ಸೇರಿದ ಹೊಸದರಲ್ಲಿ ಒಬ್ಬ ವ್ಯಾಪಾರಿ ಬೈದು ಫೋನ್ ಕುಕ್ಕಿದಾಗ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಅಕ್ಕ ಬಾಗಿಲ ಹೊರಗೆ ನಿಂತು, "ಬಾ ಈಚೆ. ಅವನ ಹೆಂಡ್ತಿ ಬೈದಿರ್ತಾಳೆ ಬೆಳಗ್ಗೆ. ನಿಂಗೇನಾಗ್ಬೇಕು?" ಎಂದು ನಗಿಸಿದ್ದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಮೊದ್ಲೇ ಬೆಲೆ ಕೇಳ್ಬೇಡ. ನಿಮ್ಗೆ ಇದ್ರಲ್ಲಿ ತಲೆನೋವು ಯಾವ್ದು ಅಂತ ಕೇಳು. ಕೇಳಿ ಸುಮ್ನಿರು. ಸುಮ್ನಿದ್ರೆ ಅವ್ರೇ ಮಾತಾಡ್ತಾರೆ." ಅದು ನಿಜವಾಗಿತ್ತು.

ಪರ್ಮಾಂಗನೇಟ್ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆ. ಯಾರೂ ತಮ್ಮ ಉತ್ಪಾದನೆ ಬಾಯಿಬಿಡುವುದಿಲ್ಲ. ಮಾದಕವಸ್ತು ತಯಾರಿಸುವವರೂ ದುರ್ಬಳಕೆ ಮಾಡಿಕೊಳ್ಳುವ ಪದಾರ್ಥವಾದ್ದರಿಂದ ಇದರ ಮೇಲೆ ಸರ್ಕಾರಗಳ ಕಣ್ಣಿದೆ; ಅಪರಿಚಿತ ದನಿಯೊಂದು ಫೋನಿನಲ್ಲಿ ಲೆಕ್ಕ ಕೇಳಿದರೆ ಎಂಥವರೂ ಬೆದರುತ್ತಾರೆ. ಹಾಗಾಗಿ ನಾನು ಸುತ್ತು ದಾರಿ ಹಿಡಿದೆ. ಮ್ಯಾಂಗನೀಸ್ ಅದಿರಿನ ಪುಡಿಯನ್ನು ಕಾಸ್ಟಿಕ್ ಪೊಟ್ಯಾಷ್ ಜೊತೆ ಗಾಳಿಯಾಡಿಸಿ ಹುರಿದರೆ ಮೊದಲು ಹಸಿರು ಬಣ್ಣದ ಮ್ಯಾಂಗನೇಟ್ ಆಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ ಹಾಯಿಸಿದರೆ ನೇರಳೆ ಪರ್ಮಾಂಗನೇಟ್. ಅಂದರೆ ಕಾರ್ಖಾನೆಯ ಒಳಗೆ ಪೊಟ್ಯಾಷ್ ಎಷ್ಟು ಹೋಯಿತು, ಕರೆಂಟು ಎಷ್ಟು ಖರ್ಚಾಯಿತು ಎಂದು ತಿಳಿದರೆ ಹರಳು ಎಷ್ಟು ಹೊರಬಂತೆಂದು ಅಂದಾಜಿಸಬಹುದು. ಕಾರ್ಖಾನೆಯವರು ಹೇಳದಿದ್ದರೇನು, ಅವರಿಗೆ ಪೊಟ್ಯಾಷ್ ಮಾರುವವರು ಹೇಳುತ್ತಾರೆ. ಹರಳು ತುಂಬಲು ತಗಡಿನ ಡ್ರಮ್ ಮಾಡಿಕೊಡುವವರು ಇನ್ನೂ ಧಾರಾಳವಾಗಿ ಹೇಳುತ್ತಾರೆ. ಅವರನ್ನು ಯಾರೂ ಏನೂ ಕೇಳಿರುವುದಿಲ್ಲ.

ಮೊದಲ ಲೆಕ್ಕ ಕೆಟ್ಟಿತು. ಜಗತ್ತು ತಯಾರಿಸುವುದು ಜಗತ್ತು ಬಳಸುವುದಕ್ಕಿಂತ ವಿಪರೀತ ಜಾಸ್ತಿ ಎಂದು ಬಂತು. ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು? ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಅಕ್ಕ ನನ್ನ ಪಕ್ಕ ಕುಳಿತು ಆಮದು ರಫ್ತಿನ ಅಂಕಿಗಳನ್ನು ಒಂದೊಂದಾಗಿ ನೋಡಿದರು. ಒಂದೇ ಸರಕು ಒಂದು ದೇಶದಿಂದ ಹೊರಟು, ನಡುವಿನ ವ್ಯಾಪಾರಿ ಬಂದರಿನಲ್ಲಿ ಇಳಿದು, ಹೊಸ ಕಾಗದದೊಂದಿಗೆ ಮತ್ತೆ ಹಡಗು ಹತ್ತುತ್ತಿತ್ತು. ಪೊಟ್ಯಾಷ್ ಲೆಕ್ಕ ಸಿಗದ ಕಡೆ ರಫ್ತನ್ನೇ ಉತ್ಪಾದನೆ ಎಂದು ಹಿಡಿದಿದ್ದ ನಾನು ಅದನ್ನು ಎರಡು ಸಲ ಎಣಿಸಿದ್ದೆ. "ಸಿಕ್ತು ನೋಡು ಕಳ್ಳ!" ಎಂದು ಅಕ್ಕ ಮೇಜು ಗುದ್ದಿದ್ದು ನೆನಪಿದೆ. ಅವತ್ತು ಅವರ ಡಬ್ಬಿಯ ಮೆಂತ್ಯದ ಚಪಾತಿಯಲ್ಲಿ ಅರ್ಧ ನನ್ನ ತಟ್ಟೆಗೆ ಬಂತು.

ಉತ್ಪಾದನೆಯ ಕಡೆ ತಿಳಿಯಾದ ಮೇಲೆ ಬೇಡಿಕೆಯ ಕಡೆ ತಿರುಗಿದೆ. ಇದನ್ನು ಅತಿ ಹೆಚ್ಚು ಕೊಳ್ಳುವುದು ಕುಡಿಯುವ ನೀರು ಶುದ್ಧೀಕರಿಸುವ ಸ್ಥಾವರಗಳು. ನೀರಿನಲ್ಲಿ ಕರಗಿದ ಕಬ್ಬಿಣ, ಮ್ಯಾಂಗನೀಸ್ ತೆಗೆಯಲು, ಪಾಚಿಯ ವಾಸನೆ ಹೋಗಲಾಡಿಸಲು ಇದು ಬೇಕು. ದೂರದೇಶದ ಒಂದು ದೊಡ್ಡ ಸರೋವರದ ದಂಡೆಯಲ್ಲಿರುವ ಇಂಥ ಸ್ಥಾವರದ ಹಿರಿಯ ಎಂಜಿನಿಯರ್ ಒಬ್ಬರ ನಂಬರು ಸಿಕ್ಕಿತು. ಎರಡು ಸಲ ಅವರು ಮಾತಾಡಲು ಒಪ್ಪಲಿಲ್ಲ. ಮೂರನೆಯ ಸಲ ನಾನು ಖರೀದಿಯ ವಿಷಯವೇ ಎತ್ತದೆ, ನಲ್ಲಿ ನೀರು ಬಟ್ಟೆಗೆ ಕಂದು ಕಲೆ ಮಾಡುವುದನ್ನು ನೀವು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ನಾಯಿ ಬೊಗಳುವ ಸದ್ದು. ನಾನು ಸುಮ್ಮನಿದ್ದೆ. ಆಮೇಲೆ ಅವರು ಒಂದು ತಾಸು ಮಾತಾಡಿದರು. ಬೇಸಿಗೆಯಲ್ಲಿ ಸರೋವರ ಹಸಿರಾಗುವುದು, ಊರಿನ ಹೆಂಗಸರು ಬಿಳಿ ಬಟ್ಟೆ ಹಿಡಿದುಕೊಂಡು ಕಚೇರಿಗೆ ಬರುತ್ತಿದ್ದದ್ದು, ಎಲ್ಲ ಹೇಳಿದರು. ಈಗ ಓಜೋನ್ ಯಂತ್ರ ಕೂರಿಸಿದ್ದಾರೆ, ಪರ್ಮಾಂಗನೇಟ್ ಖರೀದಿ ಅರ್ಧಕ್ಕೆ ಇಳಿದಿದೆ, ಸುತ್ತಲಿನ ಊರುಗಳೂ ಅದೇ ದಾರಿ ಹಿಡಿಯುತ್ತಿವೆ ಎಂದರು. ಕೊನೆಗೆ, "ನನ್ನ ಹೆಸರಾಗಲಿ ಊರಾಗಲಿ ಬರಬಾರದು" ಎಂದರು. ಬರುವುದಿಲ್ಲ ಎಂದು ಮಾತು ಕೊಟ್ಟೆ. ನಂತರವೂ ಅನುಮಾನ ಬಂದಾಗಲೆಲ್ಲ ಫೋನ್ ಮಾಡುತ್ತಿದ್ದೆ, ಅವರು ಎತ್ತುತ್ತಿದ್ದರು.

ಸೀಗಡಿ ಕೊಳಗಳಲ್ಲಿ ಬಳಕೆ ಇತ್ತು, ಏರುಪೇರಾಗುತ್ತಿತ್ತು. ಬಾಳೆಹಣ್ಣು ಹಡಗಿನಲ್ಲಿ ಬೇಗ ಮಾಗದಂತೆ ಪೆಟ್ಟಿಗೆಯೊಳಗಿಡುವ ಪುಟ್ಟ ಪೊಟ್ಟಣಗಳಲ್ಲೂ ಇದೇ ಇರುತ್ತದೆ. ಅಲ್ಲಿ ಬೇಡಿಕೆ ಏರುತ್ತಿತ್ತು, ಆದರೆ ಪ್ರಮಾಣ ತೀರ ಸಣ್ಣದು. ಬೆಲೆ ಮಾತ್ರ ಆಗ ಗಗನದಲ್ಲಿತ್ತು. ಕಾರಣ, ಒಂದು ದೊಡ್ಡ ಕಾರ್ಖಾನೆ ರಿಪೇರಿಗೆಂದು ನಿಂತಿತ್ತು. ಅದು ಮತ್ತೆ ಶುರುವಾಗುತ್ತದೆ, ಜೊತೆಗೆ ಬೇರೆಡೆ ಹೊಸ ಕುಲುಮೆಗಳು ಸಿದ್ಧವಾಗುತ್ತಿವೆ, ನೀರಿನ ಸ್ಥಾವರಗಳು ದೂರ ಸರಿಯುತ್ತಿವೆ. ಗ್ರಾಫಿನಲ್ಲಿ ನಾನೆಳೆದ ಬೇಡಿಕೆಯ ಗೆರೆ ಸ್ವಲ್ಪ ದೂರ ಮಟ್ಟಸವಾಗಿ ಹೋಗಿ ಆಮೇಲೆ ಇಳಿಯಿತು. ಕೊನೆಯ ವಾಕ್ಯ ಹೀಗೆ ಬರೆದಿದ್ದೆ: ಇಂದಿನ ಬೆಲೆ ಕೊರತೆಯ ಬೆಲೆ, ಬೇಡಿಕೆಯ ಬೆಲೆಯಲ್ಲ, ಹೊಸದಾಗಿ ಕಾಲಿಡುವವರಿಗೆ ಇದು ಕಾಲವಲ್ಲ.

ಅಕ್ಕ ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಇಡೀ ಕರಡು ಓದಿದರು. "ಚೆನ್ನಾಗ್ ಮಾಡಿದೀಯ ಕಣೆ. ಕೊನೇ ಭಾಗ ನಾನು ಸ್ವಲ್ಪ ತಿದ್ತೀನಿ. ಭಾಷೆ ಗಟ್ಟಿ ಮಾಡ್ಬೇಕು" ಎಂದರು. ನಾನು ಹೂಂ ಅಂದೆ. ಮಾರನೆಯ ದಿನವೇ ನನ್ನನ್ನು ಇನ್ನೊಂದು ರಾಸಾಯನಿಕಕ್ಕೆ ಹಾಕಿದರು. ಅಚ್ಚಿಗೆ ಹೋಗುವ ಅಂತಿಮ ಪ್ರತಿ ಮಾರಾಟ ವಿಭಾಗದ ಬಳಿ ಮಾತ್ರ ಇರುತ್ತಿತ್ತು. ಅದನ್ನು ಕೇಳಿ ನೋಡುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕೆಲವು ವಾರ ಕಳೆದು ಅಕ್ಕ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದರು. ವರದಿಯ ಮುಖಪುಟ. ಪ್ರಧಾನ ಲೇಖಕಿ ಎಂದು ನನ್ನ ಹೆಸರು. ಅದುವರೆಗೆ ನಮ್ಮ ತಂಡದ ಎಲ್ಲ ವರದಿಗಳಲ್ಲೂ ಆ ಜಾಗದಲ್ಲಿ ಅವರ ಹೆಸರೇ ಇರುತ್ತಿತ್ತು. ನಾನು ಓಡಿ ಅವರ ಮೇಜಿನ ಬಳಿ ಹೋದೆ.

"ಅಕ್ಕ, ಇದೇನಿದು?"

"ನೀನೇ ಮಾಡಿರೋದಲ್ವಾ? ನಿನ್ ಹೆಸ್ರೇ ಇರ್ಲಿ ಅಂತ ಹಾಕ್ಸ್ದೆ."

ಅವತ್ತು ಆಫೀಸಿಗೆಲ್ಲ ಮೈಸೂರುಪಾಕು ಹಂಚಿದೆ. ಅಶೋಕಪುರಂನ ನಮ್ಮ ಮನೆಯಲ್ಲಿ ಅಪ್ಪ ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು ಅವರು. ಸಂಜೆ ಉದ್ಯಾನದ ಬೆಂಚಿನಲ್ಲಿ ತಮ್ಮ ಜೊತೆಯವರಿಗೆಲ್ಲ ತೋರಿಸಿ, "ಪ್ರಪಂಚದ ಲೆಕ್ಕ ಬರ್ದವ್ಳೆ ನನ್ ಮಗಳು" ಎಂದರಂತೆ.

ಒಂದು ಗುರುವಾರ ಆಫೀಸಿಗೆ ನನ್ನನ್ನು ಕೇಳಿಕೊಂಡು ಫೋನ್ ಬಂತು. ಕೂರ್ಗಳ್ಳಿ ಕೈಗಾರಿಕಾ ಪ್ರದೇಶದ ಒಬ್ಬ ಕಾರ್ಖಾನೆ ಮಾಲೀಕರು. ವೆಲ್ಡಿಂಗ್ ಕಡ್ಡಿಗಳಿಗೆ ಬೇಕಾದ ಪೊಟ್ಯಾಸಿಯಂ ಸಿಲಿಕೇಟ್ ತಯಾರಿಸುತ್ತಿದ್ದರು. ನಮ್ಮ ವರದಿ ಕೊಂಡಿದ್ದರು. "ಮೈಸೂರಲ್ಲೇ ಇದೀರಲ್ಲಮ್ಮ! ನಾನು ಯಾರೋ ದಿಲ್ಲಿಯೋರು ಅನ್ಕಂಡಿದ್ದೆ. ಒಂದ್ ಸಲ ಬನ್ನಿ, ಅನುಮಾನ ಒಂದೆರಡವೆ" ಎಂದರು. ನನ್ನ ಬರಹ ಓದಿದವರನ್ನು ನಾನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ಮಾರನೆಯ ದಿನವೇ ಸ್ಕೂಟರ್ ಹತ್ತಿ ಹೋದೆ.

ಐವತ್ತೈದರ ಆಸುಪಾಸಿನ ಮನುಷ್ಯ. ವರುಣಾ ಆಚೆಯ ಹಳ್ಳಿಯವರು. ಮನೆಯಲ್ಲಿ ಮೊದಲು ಬೇಸಾಯ ಬಿಟ್ಟವರಂತೆ. ಮರಳು ಮತ್ತು ಪೊಟ್ಯಾಷ್ ಬೇಯಿಸುವ ಪಾತ್ರೆಗಳ ಬಿಸಿಯನ್ನು ದಾಟಿಸಿ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಖಾಲಿ ನಿವೇಶನ ಸಮತಟ್ಟು ಮಾಡಿಸಿ, ಸುಣ್ಣದ ಪುಡಿಯಲ್ಲಿ ಪಾಯದ ಗುರುತು ಎಳೆಸಿದ್ದರು.

"ಇಲ್ಲಿ ಹುರಿಯೋ ಕುಲುಮೆ. ಅಲ್ಲಿ ಕರೆಂಟ್ ಹಾಯ್ಸೋ ತೊಟ್ಟಿ. ಪೊಟ್ಯಾಷ್ ನಮ್ಗೆ ಹೊಸದಲ್ಲ, ಇಪ್ಪತ್ತು ವರ್ಷದಿಂದ ಅದ್ರ ಜೊತೆನೇ ಬಾಳ್ತಾ ಇದೀನಿ. ಆದ್ರೂ ಹೆದ್ರಿಕೆ ಇತ್ತು ಕಣಮ್ಮ. ನಿಮ್ಮ ವರದಿ ಓದ್ದ ಮೇಲೆ ಧೈರ್ಯ ಬಂತು."

ನನ್ನ ಕೊನೆಯ ವಾಕ್ಯ ಓದಿ ಯಾರಿಗಾದರೂ ಧೈರ್ಯ ಬರುವುದು ಹೇಗೆ? ಇವರು ಬೇರೆ ಯಾವುದೋ ವರದಿಯ ವಿಷಯ ಹೇಳುತ್ತಿರಬೇಕು ಅಂದುಕೊಂಡೆ.

ಕೋಣೆಯಲ್ಲಿ ಕೂರಿಸಿ, ಗುರುತಿಗೆ ಚೀಟಿಗಳನ್ನು ಇಟ್ಟಿದ್ದ ಪುಸ್ತಕ ತೆಗೆದರು. ಮುಖಪುಟ ನನ್ನದೇ. "ಇಲ್ನೋಡಿ, ಈ ಗೆರೆ ಎಂಗೆ ಮೇಲಕ್ಕೋಗದೆ!" ಎಂದು ಪುಟ ತಿರುಗಿಸಿದರು. ನಾನು ಎಳೆದಿದ್ದ ಗೆರೆ ಇಳಿಯಬೇಕಾದ ಕಡೆಯಿಂದ ಮೇಲಕ್ಕೆ ಏರಿತ್ತು. ಕೆಳಗೆ, ಸರೋವರದ ದಂಡೆಯ ಸ್ಥಾವರದ ಹಿರಿಯ ಎಂಜಿನಿಯರ್ ಒಬ್ಬರು ಹೇಳಿದ್ದಾರೆಂದು ಒಂದು ಉದ್ಧರಣೆ. ಮಾಲೀಕರು ಅದರ ಮೇಲೆ ಬೆರಳಿಟ್ಟು ಓದಿ ಹೇಳಿದರು: ನಮ್ಮಲ್ಲಿ ಖರೀದಿ ದುಪ್ಪಟ್ಟಾಗಲಿದೆ, ಸುತ್ತಲಿನ ಊರುಗಳೂ ಇದೇ ದಾರಿ ಹಿಡಿಯುತ್ತಿವೆ.

ಸುತ್ತಲಿನ ಊರುಗಳೂ ಇದೇ ದಾರಿ. ಆ ಮಾತು ಹಾಗೇ ಇತ್ತು. ದಾರಿಯನ್ನು ಮಾತ್ರ ತಿರುಗಿಸಿದ್ದರು.

"ಏನಮ್ಮ, ಮೈಗೆ ಹುಷಾರಿಲ್ವಾ?"

ನೀರು ಕೇಳಿ ಕುಡಿದೆ. ಕುಲುಮೆ ಮಾಡಿಕೊಡುವವರಿಗೆ ಯಾವಾಗ ಒಪ್ಪಿಗೆ ಕೊಡುತ್ತೀರಿ ಎಂದು ವಿಚಾರಿಸಿದೆ. ಸೋಮವಾರ ಎಂದರು. "ಅದಕ್ಕೆ ಮುಂಚೆ ನಾನು ಇನ್ನೊಂದ್ಸಲ ಬರ್ತೀನಿ ಸಾರ್. ಅಲ್ಲೀವರ್ಗೂ ಏನೂ ಕೊಡ್ಬೇಡಿ" ಎಂದು ಎದ್ದೆ. ಯಾಕೆಂದು ಕೇಳುತ್ತ ಅವರು ಗೇಟಿನವರೆಗೂ ಬಂದರು; ಬಂದು ಹೇಳುತ್ತೇನೆ ಎಂದು ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ನಾನು ಮಾರಾಟ ವಿಭಾಗದವರನ್ನು ಬೈದುಕೊಂಡೆ. ಅಕ್ಕನಿಗೆ ಗೊತ್ತಿಲ್ಲದೆ ಇದು ನಡೆದಿರಬೇಕು, ಹೇಳಿದರೆ ಅವರು ಕೆಂಡವಾಗುತ್ತಾರೆ ಎಂದೇ ಆಫೀಸಿಗೆ ಬಂದೆ. ಅವರು ನನ್ನ ಮುಖ ನೋಡಿದವರೇ, "ಮೇಲೆ ಬಾ" ಎಂದು ನೀರಿನ ಟ್ಯಾಂಕಿರುವ ತಾರಸಿಗೆ ಕರೆದುಕೊಂಡು ಹೋದರು. ಹೇಳುತ್ತಾ ಹೋದೆ. ಅವರು ಆಶ್ಚರ್ಯಪಡಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು.

"ನೀವಾ ಅಕ್ಕ?"

"ಕೂಗ್ಬೇಡ. ಸೇಲ್ಸ್‌ನೋರು ನಿನ್ ಕರಡನ್ನ ಎರಡ್ಸಲ ವಾಪಸ್ ಕಳ್ಸಿದ್ರು. ಇಳಿಯೋ ಗೆರೇನ ಯಾರು ತಗೋತಾರೆ ಕಣೆ? ಈ ವ್ಯಾಪಾರಕ್ಕೆ ಬರ್ಬೇಡಿ ಅಂತ ಹೇಳೋ ಪುಸ್ತಕಾನ ಯಾರು ಕೊಂಡ್ಕೋತಾರೆ?"

"ಗೆರೆ ಇರ್ಲಿ. ಆ ಎಂಜಿನಿಯರ್ ಹೇಳಿದ ಮಾತು?"

"ಅದು ಗ್ರಾಫಿಗೆ ಹೊಂದ್ತಾ ಇರ್ಲಿಲ್ಲ."

ಇದನ್ನು ಅವರು ಒಂದು ಅಕ್ಷರದೋಷ ತಿದ್ದಿದ ಹಾಗೆ ಹೇಳಿದರು. ಕೆಳಗಿನ ಕೆಫೆಯಿಂದ ಕಾಫಿ ಪುಡಿ ಅರೆಯುವ ಸದ್ದು ಬರುತ್ತಿತ್ತು. ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದೆ.

"ಮತ್ತೆ ನನ್ನ ಹೆಸ್ರು ಯಾಕೆ ಹಾಕ್ಸಿದ್ರಿ?"

ಅಕ್ಕ ಟ್ಯಾಂಕಿನ ಕಡೆ ನೋಡಿದರು. "ನನ್ ಹೆಸ್ರು ನೋಡಿ ತಗೊಳ್ಳೋರಿದಾರೆ. ಒಂದು ಸುಳ್ಳಾದ್ರೆ ಹಿಂದಿಂದೆಲ್ಲ ಸುಳ್ಳು ಅಂತಾರೆ. ನೀನಿನ್ನೂ ಚಿಕ್ಕೋಳು. ನಿನ್ ಹೆಸ್ರು ಯಾರ್ಗೂ ಗೊತ್ತಿಲ್ಲ. ಗೊತ್ತಿಲ್ದಿರೋ ಹೆಸ್ರಿಗೆ ಏನೂ ಆಗಲ್ಲ."

ಆಮೇಲೆ ನನ್ನ ಭುಜ ಮುಟ್ಟಿ, "ಊಟ ಮಾಡಿದ್ಯಾ?" ಎಂದರು.

ಗೆರೆ ತಿರುಗಿಸಿದ್ದನ್ನು ನಾನು ಒಂದಲ್ಲ ಒಂದು ದಿನ ಮರೆಯಬಹುದಿತ್ತೇನೋ. ನಾನು ಮೈಸೂರುಪಾಕು ಹಂಚುತ್ತಿದ್ದಾಗ ಅವರೂ ಒಂದು ತುಂಡು ತೆಗೆದುಕೊಂಡು, "ಇನ್ನೂ ದೊಡ್ಡ ಹೆಸ್ರು ಮಾಡು" ಎಂದು ಹರಸಿದ್ದರು. ನನಗೆ ನುಂಗಲಾಗದ್ದು ಅದು.

ಮನೆಗೆ ಬಂದರೆ ಅಪ್ಪ ಕಾಯುತ್ತಿದ್ದರು. "ನಿನ್ ಪುಸ್ತಕ ಓದ್ದೋರು ಕರ್ದಿದ್ರಲ್ಲ, ಏನಂದ್ರವ್ವ?" ಚೆನ್ನಾಗಿದೆ ಅಂದ್ರು ಎಂದೆ.

ಏನು ಮಾಡಬೇಕೆಂದು ಯೋಚಿಸಿದೆ. ಮಾಲೀಕರಿಗೆ ನನ್ನ ಸಂದರ್ಶನಗಳ ಧ್ವನಿಮುದ್ರಣ ಕೇಳಿಸಬಹುದಿತ್ತು. ಆದರೆ ಹೆಸರು ಹೊರಗೆ ಬಾರದೆಂಬ ನನ್ನ ಮಾತು ನಂಬಿ ಆ ಜನ ಮಾತಾಡಿದ್ದರು. ಸರೋವರದ ದಂಡೆಯ ಸ್ಥಾವರವೆಂದು ಅಚ್ಚು ಹಾಕಿ ಆಗಲೇ ಒಮ್ಮೆ ಮುರಿದ ಮಾತನ್ನು ನಾನೇ ಇನ್ನೊಮ್ಮೆ ಮುರಿಯುವುದೆ? ಬರೀ ಬಾಯಲ್ಲಿ ಹೇಳಿದರೆ, ಪುಸ್ತಕದಲ್ಲಿ ಒಂದು, ಎದುರಿಗೆ ಇನ್ನೊಂದು ಹೇಳುವವಳನ್ನು ಅವರು ಯಾಕೆ ನಂಬಬೇಕು? ಸುಮ್ಮನಿದ್ದುಬಿಡುವ ದಾರಿಯೂ ಇತ್ತು. ಆ ಸುಣ್ಣದ ಗುರುತುಗಳನ್ನು ನೋಡದೆ ಇದ್ದಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಕೊನೆಗೆ ನಿರ್ಧರಿಸಿದ್ದು ಇದು: ನಾನು ಏನನ್ನೂ ಸಾಬೀತು ಮಾಡುವುದಿಲ್ಲ. ಅವರೇ ಕೇಳಿ ತಿಳಿದುಕೊಳ್ಳಲಿ. ಕೇಳುವ ರೀತಿಯನ್ನು ಮಾತ್ರ ಕಲಿಸುತ್ತೇನೆ.

ಶನಿವಾರ ಬೆಳಗ್ಗೆ ಹೋದೆ. "ಸಾರ್, ಈ ವರದಿಯ ಕೊನೇ ಭಾಗ ನಾನು ಬರೆದಿದ್ದಲ್ಲ. ನಾನು ಬರೆದಿದ್ದು ಇದಕ್ಕೆ ತದ್ವಿರುದ್ಧ. ನನ್ ಮಾತನ್ನೂ ನಂಬಬೇಡಿ. ನಿಮ್ಗೆ ಗೊತ್ತಿರೋ ಡೀಲರ್‌ಗಳಿಗೆ ಈಗ್ಲೇ ಫೋನ್ ಮಾಡಿ."

ಅವರ ಮುಖ ಗಡುಸಾಯಿತು. "ಡೀಲರ್‌ಗಳ್ನ ಕೇಳ್ದೆ ಇರ್ತೀನಾ? ಮಾರ್ಕೆಟ್ ಬೆಂಕಿ ಅಂದ್ರಲ್ಲ ಎಲ್ರೂ."

"ಮಾರ್ಕೆಟ್ ಹೆಂಗಿದೆ ಅಂತ ಕೇಳ್ಬೇಡಿ. ಒಂದೂವರೆ ವರ್ಷ ಆದ್ಮೇಲೆ ನನ್ ಹತ್ರ ಮಾಲು ಇರುತ್ತೆ, ತಗೋತೀನಿ ಅಂತ ಈಗ್ಲೇ ಬರ್ದು ಕೊಡ್ತೀರಾ ಅಂತ ಕೇಳಿ. ಕೇಳಿ ಸುಮ್ನಿರಿ."

ಮೊದಲು ಬೆಂಗಳೂರಿನ ವ್ಯಾಪಾರಿಗೆ ಮಾಡಿದರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಪ್ರಶ್ನೆ ಕೇಳಿ ಸುಮ್ಮನಾದರು. ಅವರು ಮತ್ತೆ ಬಾಯಿ ತೆರೆಯಲು ಹೋದಾಗ ನಾನು ಕೈ ಅಡ್ಡ ಹಿಡಿದೆ.

"ಇವತ್ ಕೊಡಿ ಸ್ವಾಮಿ, ಇವತ್ತೇ ಲಾರಿ ಕಳಿಸ್ತೀನಿ," ಆ ಕಡೆಯ ದನಿ ನಕ್ಕಿತು. ಆಮೇಲೆ ತಗ್ಗಿತು. "ಒಂದೂವರೆ ವರ್ಷ ಆದ್ಮೇಲಾ? ಬರ್ದು ಕೊಡೋದಾ? ಆ ದೊಡ್ಡ ಪ್ಲಾಂಟು ಮತ್ತೆ ಶುರುವಾದ್ರೆ ನನ್ ಗೋಡೌನಲ್ಲಿರೋದನ್ನೇ ಯಾರೂ ಮೂಸಲ್ಲ. ನೀರಿನ ಇಲಾಖೆಯೋರೂ ಮೊದ್ಲಿನಷ್ಟು ಕೇಳ್ತಿಲ್ಲ. ಇದ್ರಲ್ಲಿ ಇಳೀರಿ ಅಂತ ನಿಮ್ಗೆ ಯಾರು ಹೇಳಿದ್ರು?"

ಮಾಲೀಕರು ನನ್ನನ್ನು ನೋಡಿದರು. ನಾನು ಮೇಜನ್ನು ನೋಡಿದೆ.

ಎರಡನೆಯದು ಕರಾವಳಿ ಆಂಧ್ರದಲ್ಲಿ ಸೀಗಡಿ ಕೊಳದವರಿಗೆ ಔಷಧ ಮಾರುವವನಿಗೆ. ಅವನು ಹರಕು ಹಿಂದಿಯಲ್ಲಿ, ಈ ಬೆಲೆಗೆ ನಮ್ಮವರು ಇದನ್ನು ಬಿಟ್ಟು ಬೇರೆ ಔಷಧಕ್ಕೆ ಹೋಗಿಯಾಯಿತು ಎಂದ. ಮೂರನೆಯದು ಗುಜರಾತಿನ ಒಬ್ಬ ರಫ್ತುದಾರನಿಗೆ. ಅವನು ಪ್ರಶ್ನೆ ಪೂರ್ತಿ ಕೇಳಿ, ಹೊಸ ಕುಲುಮೆಗಳ ಸುದ್ದಿಯನ್ನು ತಾನಾಗಿಯೇ ಹೇಳಿದ. ಫೋನ್ ಇಟ್ಟ ಮೇಲೆ ಮಾಲೀಕರು ವರದಿಯ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡರು.

"ಅಂಗಾದ್ರೆ ಇದ್ರ ಮೇಲೆ ನಿಮ್ಮೆಸರು ಯಾಕದೆ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಾರಸಿಯ ಮೇಲೆ ಅಕ್ಕ ಹೇಳಿದ ಮಾತನ್ನೂ ಹೇಳಿದೆ. ಅವರು ಪುಸ್ತಕ ಮುಚ್ಚಿದರು.

"ಅವರು ಮಾಡಿದ್ದು ದ್ರೋಹನೇ. ಆದ್ರೆ ನಾನು ನಂಬಿದ್ದು ಅವರ್ನಲ್ಲ ಕಣಮ್ಮ, ಈ ಹೆಸರ್ನ. ನಮ್ಮೂರ ಹುಡುಗಿ, ಸುಳ್ಳು ಹೇಳಾಕಿಲ್ಲ ಅಂತ ಮನೇಲೂ ಹೇಳಿದ್ದೆ."

ಅವರು ನನ್ನೆದುರಿಗೇ ಕುಲುಮೆಯವರಿಗೆ ಫೋನ್ ಮಾಡಿ, "ಸದ್ಯಕ್ಕೆ ಬೇಡ, ನಿಲ್ಸಿ" ಎಂದರು. ನನಗೆ ಧನ್ಯವಾದ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವರು ಕಂಪನಿಗೆ ಖಾರವಾಗಿ ಬರೆದರು. ಅಲ್ಲಿಂದ ಬಂದ ಉತ್ತರವನ್ನು ನನಗೂ ಕಳಿಸಿದರು. ವರದಿಯ ಮುನ್ನೋಟದಲ್ಲಿ ಆಗಿರುವ ದೋಷಕ್ಕೆ ಪ್ರಧಾನ ಲೇಖಕಿಯ ವೈಯಕ್ತಿಕ ಅಜಾಗರೂಕತೆ ಕಾರಣ, ಆಕೆಯ ಮೇಲೆ ಕ್ರಮ ಕೈಗೊಳ್ಳಲಾಗಿದೆ ಎಂದಿತ್ತು. ಕೆಳಗೆ ಅಕ್ಕನ ಸಹಿ. ಹೆಸರನ್ನು ಯಾವ ಕೆಲಸಕ್ಕೆ ಅಲ್ಲಿ ಇಟ್ಟಿದ್ದರೋ ಆ ಕೆಲಸವನ್ನು ಅದು ಚೊಕ್ಕವಾಗಿ ಮಾಡಿತು. ಅಂದು ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಕಂಪ್ಯೂಟರ್ ನನ್ನ ಗುರುತು ಹಿಡಿಯುವುದನ್ನು ನಿಲ್ಲಿಸಿತ್ತು. ನನ್ನ ಕರಡು, ನನ್ನ ಲೆಕ್ಕ, ಎಲ್ಲ ಅದರೊಳಗೇ ಉಳಿಯಿತು. ಮಾನವ ಸಂಪನ್ಮೂಲ ವಿಭಾಗದವಳು ರಾಜೀನಾಮೆ ಬರೆದುಕೊಟ್ಟರೆ ನಿನಗೇ ಒಳ್ಳೆಯದು ಎಂದಳು. ಬರೆದುಕೊಟ್ಟೆ. ಹೊರಡುವಾಗ ಅಕ್ಕನ ಕುರ್ಚಿ ಖಾಲಿ ಇತ್ತು. ಮೀಟಿಂಗಿನಲ್ಲಿದ್ದಾರೆ ಎಂದರು.

ಮನೆಗೆ ಬಂದು ಆ ಎಂಜಿನಿಯರಿಗೆ ಒಂದು ಮೇಲ್ ಬರೆದೆ. ನೀವು ಹೇಳಿದ್ದನ್ನು ನಾನು ಬದಲಿಸಲಿಲ್ಲ, ಆದರೆ ನನ್ನ ಹೆಸರಿನಲ್ಲೇ ಅದು ಬದಲಾಗಿ ಅಚ್ಚಾಗಿದೆ ಎಂದೆ. ಅವರಿಗೆ ಆಗಲೇ ಗೊತ್ತಿತ್ತು. ಹೆಸರು, ಊರು ಇಲ್ಲದಿದ್ದರೂ ಸರೋವರದ ದಂಡೆಯ ಸ್ಥಾವರ ಯಾವುದೆಂದು ಆ ವೃತ್ತಿಯವರಿಗೆಲ್ಲ ತಿಳಿಯುತ್ತದೆ. ಖರೀದಿ ಕಡಿಮೆ ಮಾಡುತ್ತೇವೆಂದು ನಮಗೆ ಹೇಳಿ, ದುಪ್ಪಟ್ಟಾಗುತ್ತದೆಂದು ಹೊರಗಿನವರಿಗೆ ಹೇಗೆ ಹೇಳಿದಿರಿ ಎಂದು ಊರಿನ ಆಡಳಿತ ಅವರನ್ನು ಕರೆಸಿ ಕೇಳಿತ್ತು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಎರಡೇ ಸಾಲು ಬರೆದರು: ನೀವು ಹೇಳುತ್ತಿರುವುದು ನಿಜವಿರಬಹುದು. ನನ್ನನ್ನು ಇನ್ನು ಸಂಪರ್ಕಿಸಬೇಡಿ.

ಅಪ್ಪನಿಗೆ ಹೇಳಲೇಬೇಕಾಯಿತು. ಪೂರ್ತಿ ಕೇಳಿಸಿಕೊಂಡರು. ತಮ್ಮ ಫೋನಿನಲ್ಲಿದ್ದ ಮುಖಪುಟದ ಚಿತ್ರ ಹೇಗೆ ಅಳಿಸುವುದೆಂದು ಕೇಳಿದರು. ನಾನೇ ತೋರಿಸಿಕೊಟ್ಟೆ.

ಮುಂದೆ ಆಗಬೇಕಾದ್ದೇ ಆಯಿತು. ನಿಂತಿದ್ದ ಕಾರ್ಖಾನೆ ಶುರುವಾಯಿತು, ಹೊಸ ಕುಲುಮೆಗಳ ಸರಕು ಬಂತು, ಬೆಲೆ ಜಾರಿತು. ನಾನು ಅಷ್ಟರಲ್ಲಿ ನೀರು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯ ಸೇರಿದ್ದೆ. ಒಂದು ದಿನ ಕೂರ್ಗಳ್ಳಿಯ ಮಾಲೀಕರ ಫೋನ್ ಬಂತು. ಆ ಶನಿವಾರದ ನಂತರ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಅಮ್ಮ, ಅದೇ ಕಂಪ್ನಿಯೋರು ಎರಡನೇ ಆವೃತ್ತಿ ಅಂತ ಬಿಟ್ಟಿಯಾಗಿ ಕಳ್ಸವ್ರೆ. ಈಗ ಗೆರೆ ಕೆಳಕ್ಕೋಗದೆ. ಓದ್ತೀನಿ ಕೇಳಿ: ಇಂದಿನ ಬೆಲೆ ಕೊರತೆಯ ಬೆಲೆ, ಬೇಡಿಕೆಯ ಬೆಲೆಯಲ್ಲ..."

"ಸಾಕು ಸಾರ್," ಎಂದೆ. "ಹೆಸ್ರು ಯಾರ್ದಿದೆ?"

ಅವರು ಅಕ್ಕನ ಹೆಸರನ್ನು ಓದಿದರು. ಆಮೇಲೆ, "ನಾನು ಬರ್ದಿದ್ದು ತದ್ವಿರುದ್ಧ ಅಂದಿದ್ರಲ್ಲ, ಇದೇನಾ?" ಎಂದರು. ಇದೇ ಎಂದೆ. "ಆವತ್ತು ಅರ್ಧ ನಂಬಿದ್ದೆ ಕಣಮ್ಮ. ಈಗ ಪೂರ್ತಿ ನಂಬ್ದೆ" ಎಂದರು. ಆ ಮಾತು ನನಗೆ ಬೇಕಾಗಿತ್ತು. ಆದರೂ, ಸುಳ್ಳಿಗೆ ನನ್ನ ಹೆಸರು, ನಿಜಕ್ಕೆ ಅಕ್ಕನದು.

ಮೊನ್ನೆ ಅಗ್ರಹಾರದ ಮೆಡಿಕಲ್ ಸ್ಟೋರಿನಲ್ಲಿ ಅಪ್ಪನ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಅಕ್ಕ. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದರು.

"ಎಷ್ಟ್ ಸಣ್ಣಗಾಗಿದೀಯೆ! ಎಲ್ಲಿದೀಯ ಈಗ?"

ಹೇಳಿದೆ. ಕೇಳಿದ್ದಕ್ಕೆಲ್ಲ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು.

"ಎರಡನೇ ಆವೃತ್ತಿ ನೋಡ್ದ್ಯಾ? ನಿನ್ ಲೆಕ್ಕಾನೇ ಹಾಕ್ಸಿದೀನಿ ಕಣೆ. ಒಂದಕ್ಷರ ಮುಟ್ಟಿಲ್ಲ. ನಿನ್ ಕೆಲ್ಸ ಹಾಳಾಗೋದು ನಂಗಿಷ್ಟ ಇರ್ಲಿಲ್ಲ."

ಅವರು ಅದನ್ನು ನಿಜವಾಗಿಯೂ ಒಂದು ಉಪಕಾರವೆಂದೇ ನಂಬಿದ್ದರು. ಮುಖದಲ್ಲಿ ಹಳೆಯ ಅಕ್ಕರೆ ಹಾಗೇ ಇತ್ತು. ಅದು ನಾಟಕವಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಂಗಡಿಯವನು ನನ್ನ ಮಾತ್ರೆ ಎಣಿಸುತ್ತಿದ್ದ. ಅಕ್ಕ ದನಿ ತಗ್ಗಿಸಿದರು. "ಒಂದು ಸಹಾಯ ಆಗ್ಬೇಕಿತ್ತು. ನೀರು ಶುದ್ಧೀಕರಣದ್ದೇ ಇನ್ನೊಂದು ವರದಿ ಮಾಡ್ತಿದೀವಿ. ಆ ಸರೋವರದ ಎಂಜಿನಿಯರ್ ನಮ್ ಫೋನೇ ಎತ್ತಲ್ಲ. ನೀನೊಂದ್ಸಲ ಮಾತಾಡ್ಸಿ ನೋಡ್ತೀಯಾ? ನಿನ್ ದನಿ ಅಂದ್ರೆ ಎತ್ತುತಾರೆ."

"ನನ್ ಫೋನೂ ಎತ್ತಲ್ಲ ಅಕ್ಕ."

ಅವರ ಮುಖದಲ್ಲಿ ಏನೋ ಬಂದು ಹೋಯಿತು. ಈಗಲಾದರೂ ಏನಾದರೂ ಹೇಳುತ್ತಾರೇನೋ ಎಂದು ನಾನು ಕಾದೆ. ಕಾಯುವುದನ್ನು ಕಲಿಸಿದ್ದು ಅವರೇ.

"ಆ ಕಡೆ ಬೇರೆ ಯಾರಾದ್ರೂ ಗೊತ್ತಾ ನಿಂಗೆ?" ಎಂದರು.

"ಗೊತ್ತು," ಎಂದೆ. "ಹೇಳಲ್ಲ."

ಮಾತ್ರೆಯ ಪೊಟ್ಟಣ ತೆಗೆದುಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅವರು ಒಮ್ಮೆ ನನ್ನ ಹೆಸರು ಹಿಡಿದು ಕರೆದರು. ನಾನು ತಿರುಗಿ ನೋಡಲಿಲ್ಲ.